ಕಾರಣದ ಕಾಲಂ

ಊರಿಗೆ ಕರೆಂಟು ಕೊಡುವವನು ನಾನು,
ಹಳ್ಳಿಮೈಸೂರಿನಾಚೆ ಮುಸುಕಿನ ಜೋಳದ ಹೊಲಗಳ ನಡುವೆ
ಬೇಲಿ ಹಾಕಿದ ಸಬ್‌ಸ್ಟೇಷನ್ನಿನ ರಾತ್ರಿ ಪಾಳಿ.
ಕರೆಂಟು ಹೋಗಲಿ ಎಂದು ಕಾಯುವವನೂ ನಾನೇ.
ಇದನ್ನು ಯಾರ ಮುಂದೆ ಹೇಳಲಿ?

ಚನ್ನರಾಯಪಟ್ಟಣದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಮುನೀರ್ ಸಾಬರು
ಅಂಗಡಿ ಮುಚ್ಚುವ ವಾರ ಕೊಟ್ಟ ಡಬ್ಬಿ:
ಒಳಗೆ ನಾಲ್ಕು ಟ್ರಾನ್ಸಿಸ್ಟರು, ಹೊರಗೆ ಒಂದಾಳುದ್ದ ತಂತಿ,
ಸ್ಟೇಷನ್ ತಿರುಗಿಸುವ ಗುಂಡಿಯೇ ಇಲ್ಲ.
"ಇದರಲ್ಲಿ ಯಾರೂ ಹಾಡೋದಿಲ್ಲ, ವಾರ್ತೆ ಓದೋದಿಲ್ಲ.
ನೆಲ ಮಾತಾಡಿದರೆ ಕೇಳುತ್ತೆ. ಮಾತಾಡಿದರೆ."

ಮೊದಲ ರಾತ್ರಿ ಕೇಳಿದ್ದು ನನ್ನದೇ ಕೆಲಸ:
ಹೂಂ ಎಂದು ಒಂದೇ ಸಮ ಗುಂಯ್‌ಗುಡುವ ಹನ್ನೊಂದು ಕೆವಿಯ ಗಂಟಲು,
ಪಂಪ್‌ಸೆಟ್ಟು, ಫ್ರಿಜ್ಜು, ಬೀದಿದೀಪ, ಹಿಟ್ಟಿನ ಗಿರಣಿ
ಎಲ್ಲ ಒಟ್ಟಿಗೆ ಬಾಯಿ ಮುಚ್ಚಿಕೊಂಡು ಗುನುಗುವ ಹಾಗೆ.
ಅದರಡಿ ಎಲ್ಲೋ ಭೂಮಿ.

ಹಾಗಾಗಿ ಕಾಯುತ್ತೇನೆ.
ಲೈನ್‌ಮನ್ ಜವರಯ್ಯ ಎಲ್‌ಸಿ ಕೇಳಿದರೆ
ಫೀಡರ್ ಬಿಟ್ಟುಕೊಟ್ಟು, ಕೀಲಿ ಜೇಬಿಗೆ ಹಾಕಿಕೊಂಡು,
ಅವನು ಕಂಬ ಹತ್ತುವಾಗ ನಾನು ಬೇಲಿಯ ಮೂಲೆಗೆ ಸರಿಯುತ್ತೇನೆ.
ಆಗ ಬರುತ್ತದೆ:
ಬಿಸಿಲಿಗೆ ಹುರುಳಿಕಾಯಿ ಸಿಡಿದ ಹಾಗೆ ಚಟ್, ಚಟಚಟ,
ಎಲ್ಲೋ ಸಮುದ್ರದ ಮೇಲಿನ ಮಿಂಚು, ಇಲ್ಲಿ ನನ್ನ ಕಿವಿಯಲ್ಲಿ;
ನಡುರಾತ್ರಿ ದಾಟಿದರೆ ಟ್ಯೂಂ, ಟ್ಯೂಂ,
ಬತ್ತಿದ ಬೋರಿಗೆ ಹುಡುಗರು ಹರಳು ಬಿಟ್ಟಂತೆ.
ಸಿಳ್ಳೆ ಅನ್ನುವುದೊಂದಿದೆಯಂತೆ, ಮೇಲಿಂದ ಕೆಳಕ್ಕೆ ಜಾರುವಂಥದು,
ಭೂಮಿಯ ಸೊಂಟದ ಬಳಿಯ ನಮಗೆ ಅಪರೂಪ.
ಒಂದು ಸಲ ಕೇಳಿಯೇಬಿಟ್ಟೆ. ಮಾರನೆಗೆ ಗೊತ್ತಾಯಿತು,
ಜವರಯ್ಯ ಕಂಬದ ಮೇಲಿಂದ ಊದಿದ್ದು.

ಅದುಮಿಟ್ಟ ಬಂಡೆ ಬಿರಿಯುವ ಮುಂಚೆ ಸಣ್ಣಗೆ ನರಳುತ್ತದಂತೆ,
ಆ ನರಳಿಕೆ ತಂತಿಗೆ ಸಿಗುತ್ತದಂತೆ.
ಅಂತೆ. ಸಾಬರೂ ಅಂತೆ ಎಂದೇ ಹೇಳಿದ್ದು.
ಕಲ್ಲುಕ್ವಾರಿಯ ಹನುಮಕ್ಕನನ್ನು ಕೇಳಿದೆ,
ಸುತ್ತಿಗೆಯ ಸದ್ದಿನಲ್ಲೇ ಬಿರುಕು ಹಿಡಿಯುವ ಹೆಂಗಸು.
"ಕಲ್ಲು ತಾನಾಗಿ ಏನೂ ಹೇಳಕಿಲ್ಲ ಕಣಪ್ಪ,
ಕೇಳಿದ್ದಕ್ಕೆ ಉತ್ರ ಕೊಡ್ತದೆ. ಅದೂ ಹೊಡೆದು ಕೇಳಿದ್ರೆ."

ಆಮೇಲೆ ಆ ಬೆಳಗಿನ ಜಾವ, ನಾಲ್ಕು ಮೂವತ್ತೇಳು.
ಟೀ ಲೋಟ ಮೇಜಿನ ಮೇಲೆ ತಾನೇ ನಾಲ್ಕು ಬೆರಳು ನಡೆಯಿತು.
ಟ್ರಾನ್ಸ್‌ಫಾರ್ಮರಿನ ಎಣ್ಣೆ ತುಳುಕಿ, ರಿಲೇ ಬೆದರಿ,
ಇಡೀ ಹೋಬಳಿ ಒಂದೇ ಏಟಿಗೆ ಕತ್ತಲು.
ನಾಯಿಗಳು ಬೊಗಳಿದ್ದು ಆಮೇಲೆ.
ಫೋನು ಹೊಡೆದುಕೊಳ್ಳುತ್ತಲೇ ಇತ್ತು:
ಪಾತ್ರೆ ಬಿತ್ತು, ಗೋಡೆ ಬಿರುಕು ಬಿಟ್ಟಿತು, ಕರೆಂಟು ಯಾವಾಗ ಬರುತ್ತೆ?

ಮಾಡಬೇಕಿದ್ದು ಗೊತ್ತಿತ್ತು.
ಮಾಡುವ ಮುಂಚೆ, ಒಂದು ನಿಮಿಷ,
ಡಬ್ಬಿಯ ದನಿಯನ್ನು ಕಿವಿಗೆ ಹಚ್ಚಿಕೊಂಡೆ.
ಹದಿನಾಲ್ಕು ವರ್ಷದಲ್ಲಿ ಅಷ್ಟು ಮೌನ ಕೇಳಿರಲಿಲ್ಲ.
ಹುರುಳಿ ಸಿಡಿಯುತ್ತಿತ್ತು, ದೂರ, ತೀರ ದೂರ.
ನೆಲದಿಂದ ಏನೂ ಇಲ್ಲ.
ಎತ್ತು ಮಗ್ಗುಲು ಬದಲಿಸಿ ಮತ್ತೆ ಮೆಲುಕಿಗೆ ಇಳಿದ ಹಾಗೆ,
ಮೈಮೇಲಿನ ನೊಣಗಳು ಎದ್ದದ್ದೂ ಗೊತ್ತಿಲ್ಲದ ಹಾಗೆ.

ಎಣ್ಣೆ ನೋಡಿ, ಗೇಜು ನೋಡಿ,
ಹನ್ನೊಂದನೆಯ ನಿಮಿಷಕ್ಕೆ ಬ್ರೇಕರ್ ಹಾಕಿದೆ.
ಮತ್ತೆ ಹೂಂ.

ಲಾಗ್‌ಬುಕ್ಕಿನಲ್ಲಿ ಕಾರಣದ ಕಾಲಂ ಒಂದಿದೆ.
ಅಳಿಲು ಸುಟ್ಟರೂ, ಹುಣಸೆ ಕೊಂಬೆ ತಾಗಿದರೂ,
ಗಾಳಿಪಟದ ಬಾಲ ಸಿಕ್ಕಿಕೊಂಡರೂ
ಅರ್ತ್ ಫಾಲ್ಟ್ ಎಂದು ಗೀಚುವುದು ನಮ್ಮ ರೂಢಿ;
ಎಲ್ಲರ ತಪ್ಪೂ ಭೂಮಿಯ ಲೆಕ್ಕಕ್ಕೆ.
ಅಂದು ಮಾತ್ರ ಪೆನ್ನು ಹೋಗಲಿಲ್ಲ.

ಆ ಚೌಕ ಖಾಲಿ. ಪಕ್ಕದಲ್ಲಿ
ಇಂಜಿನಿಯರರ ಕೆಂಪು ಶಾಯಿ: ಕಾರಣ ನಮೂದಿಸಿ.
ಇನ್ನೂ ನಮೂದಿಸಿಲ್ಲ.
ನಾಳೆ ರಾತ್ರಿ ಜವರಯ್ಯನಿಗೆ ಎಲ್‌ಸಿ ಇದೆ.